ಠಾಕುರ್ಲಿಯ ಗರುಡ ಸಮಿತಿ

ನಮ್ಮ ಊರ ಕಡೆಯವರ ಆಮಂತ್ರಣ ಪತ್ರಿಕೆಯನ್ನು ಎಂದೂ ಓದದವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅದರಲ್ಲಿ ದೇವರ ಹೆಸರು ಒಂದು ಕಡೆ ಬರುತ್ತದೆ, ಸಮಿತಿಯವರ ಹೆಸರು ನಾಲ್ಕು ಪುಟ ಬರುತ್ತದೆ. ಸ್ವಾಗತ ಸಮಿತಿ, ಚಪ್ಪರ ಸಮಿತಿ, ಅನ್ನಸಂತರ್ಪಣೆ ಸಮಿತಿ, ಅನ್ನಸಂತರ್ಪಣೆ ಮುಗಿದ ಮೇಲೆ ಎಲೆ ತೆಗೆಸುವುದಕ್ಕೆ ಇನ್ನೊಂದು ಸಮಿತಿ. ಪ್ರತಿ ಸಮಿತಿಗೂ ಒಬ್ಬ ಸಂಚಾಲಕ, ಇಬ್ಬರು ಸಹಸಂಚಾಲಕರು. ಠಾಣೆಯ ಆಚೆಗಿನ ಠಾಕುರ್ಲಿಯ ಶ್ರೀ ಗೋಪಾಲಕೃಷ್ಣ ಭಜನಾ ಮಂದಿರದ ಪತ್ರಿಕೆಯಲ್ಲಿ ಈ ಹೆಸರುಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, 'ಮತ್ತು ಸರ್ವ ಸದಸ್ಯರು' ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ತಾರಾನಾಥ ಇದ್ದದ್ದು ಆ ಸಾಲಿನ ಒಳಗೆ.

ಅವನೇನು ಕೆಲಸಗಳ್ಳನಲ್ಲ. ವಾಗ್ಳೆ ಎಸ್ಟೇಟಿನ ಫ್ಯಾನ್ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ದಿನಾ ಬೆಳಿಗ್ಗೆ ಎಂಟು ಏಳರ ಸ್ಲೋ ಲೋಕಲ್ ಹಿಡಿದು ಠಾಣೆಗೆ ಹೋಗಿ, ಶನಿವಾರ ಸಂಜೆ ಮಂದಿರದ ಭಜನೆಯಲ್ಲಿ ತಾಳ ಹಾಕುವವನು. ತಾಳ ತಪ್ಪಿದರೆ ಎಲ್ಲರೂ ಅವನ ಕಡೆ ತಿರುಗಿ ನೋಡುತ್ತಿದ್ದರು, ತಪ್ಪದಿದ್ದರೆ ಯಾರೂ ನೋಡುತ್ತಿರಲಿಲ್ಲ. ಪತ್ರಿಕೆಯಲ್ಲಿ ಒಮ್ಮೆ, ಒಂದೇ ಒಂದು ಸಲ, ತನ್ನ ಹೆಸರು ತನ್ನದೇ ಅಕ್ಷರಗಳಲ್ಲಿ ಬರಬೇಕು ಎಂಬುದು ಅವನ ಜೀವದ ಆಸೆಯಾಗಿತ್ತು. ಅದನ್ನು ಅವನು ಹೆಂಡತಿ ಜಯಲತಾಳಿಗೂ ಹೇಳಿರಲಿಲ್ಲ.

ಎರಡು ಸಾವಿರದ ಹನ್ನೆರಡರ ಫೆಬ್ರವರಿಯಲ್ಲಿ ಮಂದಿರಕ್ಕೆ ಬ್ರಹ್ಮಕಲಶ ಎಂದು ನಿಶ್ಚಯವಾಯಿತು. ತಗಡಿನ ಮಾಡು ಹೋಗಿ ಕಲ್ಲಿನ ಗರ್ಭಗುಡಿ ಬಂದಿತ್ತು. ಉಡುಪಿಯಿಂದ ತಂತ್ರಿಗಳು ಬರುವವರಿದ್ದರು. ಕೊನೆಯ ಸಭೆ ಅಧ್ಯಕ್ಷ ಮಾಪಣ್ಣ ಸೇಠರ ಹೋಟೆಲಿನ ಮಾಳಿಗೆಯಲ್ಲಿ ಕೂಡಿತು. ಮಾಪಣ್ಣ ಸೇಠರು ಕಡಿಮೆ ಮಾತಿನ ಮನುಷ್ಯ. ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಅರ್ಧ ಸಭೆ 'ಹೌದು ಹೌದು' ಎನ್ನುತ್ತಿತ್ತು.

ಕಾರ್ಯದರ್ಶಿ ರಂಜನ್ ಪಟ್ಟಿ ಓದಿ ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, "ಎಲ್ಲ ಆಯ್ತು. ಇನ್ನೊಂದೇ ಉಳಿದದ್ದು. ಗರುಡ" ಎಂದ.

ಸಭೆ ಗಂಭೀರವಾಯಿತು. ದೇವರಿಗೆ ಬ್ರಹ್ಮಕಲಶ ಎರೆಯುವ ಹೊತ್ತಿಗೆ ಸರಿಯಾಗಿ ಆಕಾಶದಲ್ಲಿ ಗರುಡ ಬಂದು ಸುತ್ತು ಹಾಕಬೇಕು. ಹಾಕಿದರೆ ದೇವರು ಒಪ್ಪಿದ ಹಾಗೆ. ಊರಿನಲ್ಲಿ ಅದಕ್ಕೆ ತೊಂದರೆಯಿಲ್ಲ, ಅಲ್ಲಿ ಗರುಡಗಳಿಗೆ ಅಭ್ಯಾಸವಿದೆ. ಇಲ್ಲಿಯದು ಹಾಗಲ್ಲ. ಹಿಂದಿನ ವರ್ಷ ಕಲ್ಯಾಣದ ಇನ್ನೊಂದು ಮಂದಿರದಲ್ಲಿ ನಾನೂರು ಜನ ಒಂದು ಗಂಟೆ ಕತ್ತು ಮೇಲೆತ್ತಿ ನಿಂತು, ಕಡೆಗೆ ಬಂದದ್ದು ಒಂದು ಹೆಲಿಕಾಪ್ಟರ್. ಅಂದಿನಿಂದ ಅವರು ಯಾವ ಮದುವೆಗೆ ಹೋದರೂ ಜನ "ಹೆಲಿಕಾಪ್ಟರಿನವರು ಬಂದ್ರು" ಎಂದು ಎಲೆ ಹಾಕಿಸುತ್ತಿದ್ದರು.

"ನಮಗೂ ಹಾಗೆ ಆದ್ರೆ ಮುಖ ಎಲ್ಲಿ ಇಡುದು ಮಾರಾಯ್ರೆ?" ಎಂದು ಯಾರೋ ಅಂದರು.

"ಗರುಡನಾ?" ಎಂದ ತಾರಾನಾಥ. ಯಾಕೆ ಅಂದನೋ ಅವನಿಗೇ ಗೊತ್ತಿಲ್ಲ. "ನಮ್ಮ ಖಾಡಿಯಲ್ಲಿ ಉಂಟಲ್ಲ. ನಾನು ದಿನಾ ನೋಡ್ತೇನೆ."

ನಡೆದದ್ದು ಇಷ್ಟು. ಮುಂಬ್ರಾ ದಾಟಿದ ಮೇಲೆ ರೈಲಿನ ಒಂದು ಬದಿಗೆ ಖಾಡಿಯ, ಎಂದರೆ ಅಳಿವೆಯ, ನೀರು ಕಾಣುತ್ತದೆ. ಎರಡು ತಿಂಗಳ ಹಿಂದೆ, ಇಬ್ಬರ ಕಂಕುಳ ಸಂದಿಯಿಂದ, ಅಲ್ಲಿ ಕಂಬದ ಮೇಲೆ ಕಂದು ಬಣ್ಣದ್ದೇನೋ ಕೂತಿದ್ದು ಅವನಿಗೆ ಅರ್ಧ ಸೆಕೆಂಡು ಕಂಡಿತ್ತು.

ಮಾಪಣ್ಣ ಸೇಠರು ಗಂಟಲು ಸರಿಮಾಡಿಕೊಂಡರು. "ಹೌದಾ? ಹಾಗಾದ್ರೆ ಗರುಡ ನೀವು ನೋಡಿಕೊಳ್ಳಿ."

"ನೋಡಿಕೊಳ್ಳುದು ಅಂದ್ರೆ..."

"ದಿನಾ ಕಾಣ್ತದೆ ಅಂತ ನೀವೇ ಹೇಳಿದ್ರಲ್ಲ. ಗುರುತು ಪರಿಚಯ ಉಂಟಲ್ಲ. ಮುಹೂರ್ತ ಒಂಬತ್ತು ಐವತ್ತೆರಡಕ್ಕೆ. ಒಂದು ಐದು ನಿಮಿಷ ಮುಂಚೆ ಬಂದ್ರೂ ಅಡ್ಡಿ ಇಲ್ಲ."

ತಾರಾನಾಥ ಇಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ರಂಜನ್ ಪೆನ್ನಿನ ಮುಚ್ಚಳ ತೆಗೆದು, "ಸಂಚಾಲಕರು ಅಂತ ಹಾಕ್ಲಿಕ್ಕಾ?" ಎಂದು ಕೇಳಿದ. ಆ ಶಬ್ದ ಕಿವಿಗೆ ಬಿದ್ದದ್ದೇ ತಾರಾನಾಥನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಪತ್ರಿಕೆ ಅಚ್ಚಾಗಿ ಬಂತು. ಮೂರನೆಯ ಪುಟ, ಎಡಗಡೆ, 'ಗರುಡ ಸಮಿತಿ: ಸಂಚಾಲಕರು, ಶ್ರೀ ತಾರಾನಾಥ ಕೆ., ಠಾಕುರ್ಲಿ.' ಸಹಸಂಚಾಲಕರಾಗಲು ಮಾತ್ರ ಯಾರೂ ಮುಂದೆ ಬಂದಿರಲಿಲ್ಲ. ಜಯಲತಾ ಆ ಪುಟವನ್ನು ಮೇಲಕ್ಕೆ ಬರುವಂತೆ ಮಡಚಿ ಫ್ರಿಜ್ಜಿನ ಮೇಲೆ ಇಟ್ಟು, ಕಲ್ಯಾಣದಲ್ಲಿರುವ ಅಕ್ಕ ವಸಂತಿಗೆ ಫೋನ್ ಮಾಡಿದಳು.

"ಅಕ್ಕ, ಈ ಸಲ ಗರುಡ ಪೂರಾ ಇವರದ್ದೇ ಜವಾಬ್ದಾರಿ."

"ಹೌದಾ?" ಎಂದರು ವಸಂತಿ. ಅವರ ಧ್ವನಿ ಫೋನಿನಿಂದ ಇಡೀ ಕೋಣೆಗೆ ಕೇಳುತ್ತಿತ್ತು. "ಚಾ ತಿಂಡಿ ಸಹ ನಿಮ್ಮ ಮನೆಯಲ್ಲೇನಾ?"

ಮಗಳು ಅಶ್ಮಿತಾ ಡೊಂಬಿವಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಎರಡನೇ ವರ್ಷ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. ಅವಳು ಪತ್ರಿಕೆ ಓದಿ, ಒಳಗಿನಿಂದ ಹಕ್ಕಿಗಳ ಪುಸ್ತಕ ತಂದು ಅಪ್ಪನ ಮುಂದೆ ಬಿಡಿಸಿದಳು.

"ಪಪ್ಪಾ, ಆಪ್‌ನೇ ಕೈಸಾ ಬರ್ಡ್ ದೇಖಾ?"

"ಕಂದು ಬಣ್ಣದ್ದು."

"ಫುಲ್ ಬ್ರೌನ್? ವೋ ತೋ ಹದ್ದು ಹೈ! ಗರುಡಾ ಕಾ ಸಿರ್ ವೈಟ್ ಹೋತಾ ಹೈ, ಬಾಕಿ ಇಟ್ಟಿಗೆ ಕಲರ್."

ಗರುಡನ ತಲೆ ಬೆಳ್ಳಗಿರುವುದು ತಾರಾನಾಥನಿಗೆ ಗೊತ್ತಿಲ್ಲದ್ದೇನಲ್ಲ, ಊರಲ್ಲಿ ಎಷ್ಟು ಸಲ ನೋಡಿದ್ದಾನೆ. "ಟ್ರೇನಿನ ಧೂಳು ಕೂತಿರಬಹುದು" ಎಂದ. ಒಂದು ಸಾವಿರದ ಇನ್ನೂರು ಪತ್ರಿಕೆ ಊರಿನವರೆಗೂ ಹಂಚಿ ಆಗಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಮೋಟಾಗಾಂವಿನ ರೇತಿ ಬಂದರಿಗೆ ಹೋದರು. ಉಲ್ಹಾಸ ನದಿ ಅಲ್ಲಿ ಸಮುದ್ರದ ಉಪ್ಪು ಸೇರಿಸಿಕೊಂಡು ಖಾಡಿಯಾಗಿ ಅಗಲವಾಗುತ್ತದೆ. ತಾರಾನಾಥನ ಕುತ್ತಿಗೆಯಲ್ಲಿ ಕಾರ್ಖಾನೆಯ ಸೆಕ್ಯುರಿಟಿ ಆಫೀಸರನಿಂದ ಎರವಲು ತಂದ ಬೈನಾಕ್ಯುಲರ್ ಇತ್ತು. ಅದರಲ್ಲಿ ಎಡಗಣ್ಣಿಗೆ ಮಾತ್ರ ಕಾಣುತ್ತಿತ್ತು, ಬಲಗಣ್ಣಿಗೆ ಮಂಜು.

ದಡದಲ್ಲಿ ಬಲೆ ಕೊಡವುತ್ತಿದ್ದವಳು ಚಂದ್ರಬಾಯಿ. ಸ್ವಂತ ದೋಣಿ, ಸ್ವಂತ ಬಲೆ. ಬೆಳಿಗ್ಗೆ ಹಿಡಿದ ಮೀನನ್ನು ದೊಡ್ಡ ಬಂದರಿನಿಂದ ಬರುವ ಸಮುದ್ರದ ಮೀನಿನ ಜೊತೆ ಬುಟ್ಟಿಗೆ ಹಾಕಿಕೊಂಡು ಮೂವತ್ತು ವರ್ಷಗಳಿಂದ ಠಾಕುರ್ಲಿಯ ಬಿಲ್ಡಿಂಗುಗಳ ಮೆಟ್ಟಿಲು ಹತ್ತಿ ಇಳಿದವಳು. ಗಿರಾಕಿಗಳಲ್ಲಿ ಅರ್ಧ ಜನ ನಮ್ಮವರೇ ಆದ್ದರಿಂದ ಅವಳಿಗೆ ಕನ್ನಡ ಬರುತ್ತಿತ್ತು. ಅವಳ ಕನ್ನಡದಲ್ಲಿ ಗಂಡು ಹೆಣ್ಣು, ದೊಡ್ಡವರು ಸಣ್ಣವರು ಎಂಬ ಭೇದ ಇರಲಿಲ್ಲ.

"ಮೀನು ಇಲ್ಲ. ಹನ್ನೊಂದು ಗಂಟೆಗೆ ಮನೆಗೆ ಬರ್ತದೆ" ಎಂದಳು.

"ಮೀನು ಬೇಡ. ನಾವು ವ್ರತದಲ್ಲಿದ್ದೇವೆ. ಗರುಡ ನೋಡಬೇಕು."

ವ್ರತ ಎಂದದ್ದು ಸತ್ಯ. ಬ್ರಹ್ಮಕಲಶಕ್ಕೆ ಹನ್ನೆರಡು ದಿನ ಮೊದಲಿಂದ ಯಾವ ಸದಸ್ಯನ ಮನೆಯಲ್ಲೂ ಮೀನಿನ ವಾಸನೆ ಬರಕೂಡದು ಎಂದು ಮಾಪಣ್ಣ ಸೇಠರು ಅಪ್ಪಣೆ ಮಾಡಿದ್ದರು. ಕರಾವಳಿಯವರಿಗೆ ಇದಕ್ಕಿಂತ ದೊಡ್ಡ ತಪಸ್ಸು ಇನ್ನೊಂದಿಲ್ಲ.

ಚಂದ್ರಬಾಯಿ ಇಬ್ಬರನ್ನೂ ದೋಣಿಗೆ ಹತ್ತಿಸಿದಳು. ಎರಡೂ ದಡದಲ್ಲಿ ಕಾಂಡ್ಲಾ ಗಿಡ, ಕೆಸರು, ಆಚೆಗೆ ಹೊಸ ಟವರುಗಳು. ನೂರು ಮಾರು ಹೋಗುವುದರೊಳಗೆ ಬೆಳ್ಳನೆಯ ತಲೆಯ ದೊಡ್ಡ ಹಕ್ಕಿಯೊಂದು ನೀರಿನ ಮೇಲೆ ಬಂತು. ತಾರಾನಾಥ ದೋಣಿಯಲ್ಲಿ ಎದ್ದು ನಿಂತು ಕೈ ಮುಗಿದ.

"ಗರುಡ! ಗೋಪಾಲಕೃಷ್ಣಾ!"

"ಪಪ್ಪಾ, ಬೈಠೋ ನಾ! ಬೋಟ್ ಉಲ್ಟಾ ಹೋ ಜಾಯೇಗಾ! ವೋ ಆಸ್ಪ್ರೇ ಹೈ!"

ಹಕ್ಕಿ ಕಾಲು ಮುಂದೆ ಮಾಡಿಕೊಂಡು ದಬಕ್ಕನೆ ನೀರಿಗೆ ಬಿದ್ದು, ಒಂದು ಮೀನು ಎತ್ತಿಕೊಂಡು, ಮೈ ಕೊಡವಿ ಹೋಯಿತು. ಇದು ಮೀನು ಹಿಡಿಯುವ ಬೇರೆಯೇ ಹಕ್ಕಿ, ಗರುಡ ಹಾಗೆ ಮುಳುಗುವುದಿಲ್ಲವಂತೆ. ಮುಗಿದ ಕೈಯನ್ನು ಏನು ಮಾಡುವುದು ಎಂದು ತೋಚದೆ ತಾರಾನಾಥ ತಲೆ ಕೆರೆದುಕೊಂಡು ಕೂತ. ಇನ್ನೂ ಮುಂದೆ, ಜೊಂಡಿನ ಮೇಲೆ ತೇಲುತ್ತ ಇನ್ನೊಂದು ಬಂತು. ತಲೆ ಬಿಳುಪು, ಮೈ ಕಂದು. ಮತ್ತೆ ಕೈ ಮುಗಿದ. ಅದು ಮಾರ್ಶ್ ಹ್ಯಾರಿಯರ್, ಚಳಿಗಾಲಕ್ಕೆ ಹೊರದೇಶದಿಂದ ಬಂದದ್ದು ಎಂದಳು ಮಗಳು. ಅದರ ನಂತರ ಬಂದ ಬರೀ ಹದ್ದಿಗೂ ಅವನ ಕೈ ಅರ್ಧ ಎದ್ದಿತ್ತು.

ಚಂದ್ರಬಾಯಿ ಹುಟ್ಟು ಹಾಕುವುದನ್ನು ನಿಲ್ಲಿಸಿ ಅಶ್ಮಿತಾಳನ್ನು ಕೇಳಿದಳು. "ನಿನ್ನ ಅಪ್ಪ ಎಲ್ಲಾ ಹಕ್ಕಿಗೆ ನಮಸ್ಕಾರ ಮಾಡ್ತದಾ?"

ತಿರುವು ದಾಟಿದ ಮೇಲೆ ಒಂದು ಒಣಗಿದ ಮರ. ಅದರ ತುದಿಯಲ್ಲಿ, ಬೆಳ್ಳನೆಯ ತಲೆ, ಬೆಳ್ಳನೆಯ ಎದೆ, ಇಟ್ಟಿಗೆ ಕೆಂಪಿನ ರೆಕ್ಕೆ, ಯಾರ ಹಂಗೂ ಇಲ್ಲದೆ ಅದು ಕೂತಿತ್ತು. ಈ ಸಲ ತಾರಾನಾಥ ಏಳಲಿಲ್ಲ, ಕೂಗಲೂ ಇಲ್ಲ. ಅವನ ಕಣ್ಣಲ್ಲಿ ನೀರು ಬಂತು. ಬೈನಾಕ್ಯುಲರಿನ ಎಡಗಣ್ಣಿಗೂ ಈಗ ಮಂಜಾಯಿತು. ಊರು ಬಿಟ್ಟ ಮೇಲೆ ಅವನು ಗರುಡನನ್ನು ನೋಡಿರಲಿಲ್ಲ. ತನ್ನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಅದು ಇದ್ದದ್ದು ಗೊತ್ತೇ ಇರಲಿಲ್ಲವಲ್ಲ ಎಂದು ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

"ಇದು ನಮ್ಮ ಮಂದಿರದ ಹತ್ತಿರ ಬರಬಹುದಾ ಬಾಯಿ?"

"ಮೀನು ಹಾಕಿದ್ರೆ ಕೆಳಗೆ ಬರ್ತದೆ. ಮೀನಿನ ಕರುಳು, ತಲೆ. ಒಂದು ಮುಷ್ಟಿ ಹಾಕು. ಜಾಸ್ತಿ ಹಾಕಬೇಡ. ಜಾಸ್ತಿ ಹಾಕಿದ್ರೆ ಕಾಗೆ ಬರ್ತದೆ, ಹದ್ದು ಬರ್ತದೆ, ಎಲ್ಲಾ ಬರ್ತದೆ."

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಆರಕ್ಕೆ ತಾರಾನಾಥ ಬಂದರಿಗೆ ಹೋಗತೊಡಗಿದ. ಚಂದ್ರಬಾಯಿ ಕೊಟ್ಟ ಮೀನಿನ ಕರುಳನ್ನು ದಡದ ಕಲ್ಲಿನ ಮೇಲೆ ಇಟ್ಟು ದೂರ ನಿಲ್ಲುವುದು, ಗರುಡ ಬಂದು ಎತ್ತಿಕೊಂಡು ಹೋಗುವುದನ್ನು ನೋಡುವುದು, ಮನೆಗೆ ಬಂದು ಸ್ನಾನ ಮಾಡಿ ರೈಲು ಹಿಡಿಯುವುದು. ಕಲಶದ ದಿನ ಮಂದಿರದ ಹಿಂದಿನ ತನ್ನ ಬಿಲ್ಡಿಂಗಿನ ಟೆರೇಸಿನಲ್ಲಿ, ನೀರಿನ ಟಾಕಿಯ ಮೇಲೆ ಇದನ್ನೇ ಮಾಡುವುದು ಅವನ ಯೋಜನೆ. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ದೇವರ ಕಲಶಕ್ಕೆ ಮೀನಿನ ಕರುಳು ಎಂದರೆ ಜನ ಬಿಡುತ್ತಾರೆಯೇ?

ಐದನೆಯ ದಿನ ಜಯಲತಾ ಒಗೆಯಲು ತೆಗೆದ ಅಂಗಿಯನ್ನು ಮೂಗಿನ ಹತ್ತಿರ ಹಿಡಿದು ಬಾತ್ರೂಮಿನ ಬಾಗಿಲಿಗೆ ಬಂದಳು.

"ಇದೆಂತ ವಾಸನೆ ಇವರೇ?"

"ಖಾಡಿಯ ಗಾಳಿ."

"ಗಾಳಿಗೆ ಬಂಗುಡೆಯ ವಾಸನೆ ಬರ್ತದಾ? ನಾನು ಮಲ್ಪೆಯ ಹತ್ತಿರ ಹುಟ್ಟಿದವಳು. ನನಗೆ ಹೇಳ್ತೀರಾ?"

ಆ ಮಾತು ಪಕ್ಕದ ಫ್ಲ್ಯಾಟಿನ ವಿಮಲಾರಿಗೆ ಗೋಡೆಯಿಂದ ಕೇಳಿತು. ವಿಮಲಾರಿಗೆ ಕೇಳಿದ್ದು ಉಳಿದವರಿಗೆ ಕೇಳುವುದಕ್ಕೆ ಬಹಳ ಹೊತ್ತು ಬೇಡ. ಮಧ್ಯಾಹ್ನದ ಹೊತ್ತಿಗೆ ತಾರಾನಾಥ ದಿನಾ ಬೆಳಿಗ್ಗೆ ಬಂದರಿನಲ್ಲಿ ಕದ್ದು ಮೀನು ತಿನ್ನುತ್ತಾನೆ ಎಂದಾಯಿತು. ಸಂಜೆಗೆ ಅದು ತವಾ ಫ್ರೈ ಆಯಿತು, ಮೇಲೆ ಲಿಂಬೆಹಣ್ಣು ಹಿಂಡಿದ್ದೂ ಸೇರಿತು.

"ಹನ್ನೆರಡು ದಿನ ತಡೆಯಲಿಕ್ಕೆ ಆಗ್ಲಿಲ್ವಾ ನಿನ್ನ ಗಂಡನಿಗೆ?" ವಸಂತಿ ಫೋನಿನಲ್ಲಿ ಬೊಬ್ಬೆ ಹೊಡೆದರು. "ಇನ್ನು ಗರುಡ ಬರ್ತದಾ? ಅದು ವಾಸನೆಗೇ ವಾಪಸ್ ಹೋಗ್ತದೆ! ನನಗೆ ಎದೆ ಹೊಡ್ಕೊಳ್ತಾ ಉಂಟು, ಮಾತ್ರೆ ತಗೊಂಡೆ."

ಏಳು ಗಂಟೆಗೆ ಮಾಪಣ್ಣ ಸೇಠರೂ ರಂಜನನೂ ಖುದ್ದಾಗಿ ಮನೆಗೆ ಬಂದರು. ಇಪ್ಪತ್ತೆರಡು ವರ್ಷಗಳಲ್ಲಿ ಸೇಠರು ಆ ಮನೆಗೆ ಕಾಲಿಟ್ಟದ್ದು ಅದೇ ಮೊದಲು. ಜಯಲತಾ ಚಾ ತಂದರೆ ಮುಟ್ಟಲಿಲ್ಲ.

"ಕೈ ಕೊಡಿ" ಎಂದರು ಸೇಠರು.

ತಾರಾನಾಥ ಕೈ ಚಾಚಿದ. ಸೇಠರು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿದರು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಮೂಸಿದರು.

"ಬಾಂಗಡಾ" ಎಂದರು ಕಡೆಗೆ.

"ಛೀ ಛೀ ಛೀ" ಎಂದ ರಂಜನ್. "ಸಂಚಾಲಕರಾಗಿ ನೀವು ಹೀಗೆ ಮಾಡುದಾ? ನಾವೆಲ್ಲ ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಇದ್ದೇವೆ."

"ದೇವರಾಣೆ ನಾನು ತಿನ್ನಲಿಲ್ಲ ಸೇಠ್. ಮುಟ್ಟಿದ್ದು ಹೌದು, ತಿಂದದ್ದು ಅಲ್ಲ."

"ಮುಟ್ಟಿದ್ದು ಯಾಕೆ?"

ತಾರಾನಾಥ ಕೈಯನ್ನು ಬೆನ್ನ ಹಿಂದೆ ಸೇರಿಸಿದ. ಸೇಠರು ಎದ್ದು ನಿಂತು ಹೇಳಿದರು. "ಪತ್ರಿಕೆ ಅಚ್ಚಾಗಿದೆ, ಈಗ ಹೆಸರು ಅಳಿಸಲಿಕ್ಕೆ ಆಗುದಿಲ್ಲ. ಗರುಡ ಬಂದ್ರೆ ಇದು ಇಲ್ಲಿಗೇ ಮುಗೀತು. ಬರದಿದ್ರೆ ಇನ್ನು ಮಂದಿರದ ಮೆಟ್ಟಿಲು ಹತ್ತಬೇಡಿ. ತಾಳ ಬೇರೆಯವರು ಹಾಕ್ತಾರೆ."

ತಾಳ ಬೇರೆಯವರು ಹಾಕುತ್ತಾರೆ ಎಂಬ ಮಾತು ತಾರಾನಾಥನ ಎದೆಗೆ ನಾಟಿತು. ಊರು ಬಿಟ್ಟು ಬಂದವನಿಗೆ ಇಲ್ಲಿ ಇದ್ದದ್ದು ಆ ಮಂದಿರ ಒಂದೇ.

ಕಲಶದ ದಿನ ಬಂತು. ಬೆಳಿಗ್ಗೆ ಎಂಟಕ್ಕೇ ಆರುನೂರು ಜನ. ಸಮಿತಿಯವರೆಲ್ಲ ಬಿಳಿ ಪಂಚೆ, ಕೇಸರಿ ಶಾಲು. ತಾರಾನಾಥನ ಎದೆಯ ಮೇಲೆ ರಿಬ್ಬನ್ನಿನ ಬ್ಯಾಡ್ಜು, ಅದರ ಮೇಲೆ 'ಗರುಡ' ಎಂದು ಬರೆದಿತ್ತು. ಜನ ಅದನ್ನು ಓದಿ, ಅವನ ಮುಖ ನೋಡಿ, ಒಂದು ಹೆಜ್ಜೆ ದೂರ ಸರಿದು ಗಾಳಿ ಮೂಸುತ್ತಿದ್ದರು.

ಒಂಬತ್ತೂವರೆಗೆ ಚಂದ್ರಬಾಯಿ ಬುಟ್ಟಿ ಹೊತ್ತು ಬಂದು ಬಿಲ್ಡಿಂಗಿನ ಮೆಟ್ಟಿಲು ಹತ್ತಿದಳು. ಪ್ರತಿ ಮಹಡಿಯಲ್ಲೂ ಬಾಗಿಲು ಸಂದಿಯಿಂದ ಒಂದು ಕಣ್ಣು ಅವಳನ್ನು ನೋಡಿತು, ಪ್ರತಿಯೊಬ್ಬರೂ ಮೇಲಿನ ಮನೆಯವರನ್ನು ಮನಸ್ಸಿನಲ್ಲೇ ಬೈದರು. ಟೆರೇಸಿನಲ್ಲಿ ತಾರಾನಾಥ ಕಾಯುತ್ತಿದ್ದ.

"ಒಂದು ಮುಷ್ಟಿ" ಎಂದಳು ಚಂದ್ರಬಾಯಿ.

ತಾರಾನಾಥ ಕೆಳಗೆ ಇಣುಕಿ ನೋಡಿದ. ಆರುನೂರು ತಲೆ. ಇಷ್ಟು ದೊಡ್ಡ ಕಾರ್ಯಕ್ಕೆ ಒಂದು ಮುಷ್ಟಿ ಸಾಕೇ? ನಮ್ಮವರು ಯಾವ ಸಮಾರಂಭದಲ್ಲಿ ಒಂದು ಮುಷ್ಟಿಗೆ ನಿಲ್ಲಿಸಿದ್ದಾರೆ? ನೂರು ಜನರನ್ನು ಕರೆದು ಮುನ್ನೂರು ಜನರಿಗೆ ಅಡುಗೆ ಮಾಡುವ ಜಾತಿ ನಮ್ಮದು. ಅವನು ಬುಟ್ಟಿಯನ್ನೇ ಟಾಕಿಯ ಮೇಲೆ ಬೋರಲು ಹಾಕಿದ. ಅವಳು ಮಾರಾಟಕ್ಕೆಂದು ಕೆಳಗೆ ಮೆಟ್ಟಿಲ ಬಳಿ ಇಟ್ಟಿದ್ದ ಇನ್ನೊಂದು ಬುಟ್ಟಿಯನ್ನೂ ಹೊತ್ತು ತಂದು ಸುರಿದ. ಚಂದ್ರಬಾಯಿ ಹಣೆಗೆ ಕೈ ಹಚ್ಚಿಕೊಂಡಳು.

ಒಂಬತ್ತು ನಲವತ್ತಕ್ಕೆ ಅವನು ಕೈ ತೊಳೆದು ಮಂದಿರದ ಅಂಗಳದಲ್ಲಿ ಹಾಜರಾದ. ಒಳಗೆ ತಂತ್ರಿಗಳು ಮಂತ್ರ ಹೇಳುತ್ತಿದ್ದರು. ಚೆಂಡೆ ಏರುತ್ತಿತ್ತು. ಜನ ಕತ್ತು ಮೇಲೆತ್ತಿದರು.

ಮೊದಲು ಒಂದು ಕಾಗೆ ಬಂತು. ಅದು ಟಾಕಿಯ ಮೇಲೆ ಕೂತು ಕೆಳಗೆ ನೋಡಿ, ತನ್ನ ಭಾಗ್ಯವನ್ನು ನಂಬಲಾರದೆ ಜೋರಾಗಿ ಕೂಗಿತು. ಎರಡು ನಿಮಿಷದಲ್ಲಿ ಠಾಕುರ್ಲಿಯ ಕಾಗೆಗಳೆಲ್ಲ ಅಲ್ಲಿ ಇದ್ದವು. ಡೊಂಬಿವಲಿಯಿಂದಲೂ ಬಂದಿದ್ದವು ಎಂದು ಹೇಳುವವರಿದ್ದಾರೆ. ಚೆಂಡೆಯವನು ಬಡಿಯುತ್ತಲೇ ಮೇಲೆ ನೋಡಿದ. ಅವುಗಳ ಹಿಂದೆಯೇ ಹದ್ದುಗಳು ಬಂದವು. ಹತ್ತು, ಇಪ್ಪತ್ತು, ಮೂವತ್ತು. ಒಂದರ ಬಾಯಿಯದನ್ನು ಇನ್ನೊಂದು ಕಸಿಯುತ್ತ, ಕಿರುಚುತ್ತ ಅವು ಮಂದಿರದ ಮೇಲೆ ಕವಿದುಕೊಂಡವು.

"ಇದೆಂತ ಮಾರಾಯ್ರೆ! ಇದೆಂತ ಅಪಶಕುನ!" ಎಂದು ಹೆಂಗಸರು ಸೆರಗು ಹೊದ್ದುಕೊಂಡರು.

"ತಾರಾನಾಥ!" ರಂಜನ್ ಕಿರುಚಿದ. "ಯಾವುದನ್ನು ಕರೆದದ್ದು ನೀವು?"

ಗಂಟೆ ಒಂಬತ್ತು ಐವತ್ತೆರಡು. ಒಳಗೆ ಶಂಖ ಊದಿತು. ಕಲಶ ದೇವರ ತಲೆಯ ಮೇಲೆ ಬಾಗಿತು. ಹೊರಗೆ ಮಾಪಣ್ಣ ಸೇಠರು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, "ಗೋವಿಂದಾ" ಎಂದು ಬಾಯಿ ತೆರೆದರು. ಅದೇ ಹೊತ್ತಿಗೆ ಮೇಲೆ ಎರಡು ಹದ್ದುಗಳು ಜಗಳಾಡಿಕೊಂಡವು. ಹೆಬ್ಬೆರಳು ಉದ್ದದ ಒಂದು ಬಂಗುಡೆಯ ತಲೆ ತಿರುಗುತ್ತ ತಿರುಗುತ್ತ ಬಂದು ಪಚ್ ಎಂದು ಸೇಠರ ಕೇಸರಿ ಶಾಲಿನ ಮೇಲೆ ಕೂತಿತು.

ಚೆಂಡೆ ನಿಂತಿತು. ಭಜನೆ ನಿಂತಿತು. ಎಲ್ಲರ ಕಣ್ಣೂ ಆ ಮೀನಿನ ತಲೆಯ ಮೇಲೆ, ಮೀನಿನ ತಲೆಯ ಕಣ್ಣು ಎಲ್ಲರ ಮೇಲೆ. ಅಶ್ಮಿತಾ ಕೂಡ ಕ್ಯಾಮೆರಾವನ್ನು ಆಕಾಶದಿಂದ ಇಳಿಸಿ ಸೇಠರ ಹೆಗಲಿಗೆ ತಿರುಗಿಸಿದ್ದಳು.

ಕೆಳಗೆ ನೋಡುವ ಧೈರ್ಯ ಇಲ್ಲದವನು ಒಬ್ಬನೇ. ತಾರಾನಾಥ, ದೇವರೇ ನನ್ನನ್ನು ಇಲ್ಲಿಂದ ಎತ್ತಿಕೋ ಎಂದು, ಮುಖವನ್ನು ಆಕಾಶಕ್ಕೆ ಮಾಡಿ ನಿಂತಿದ್ದ. ಅಲ್ಲಿ ಕಾಗೆ ಹದ್ದುಗಳ ಗಲಾಟೆಗಿಂತ ಬಹಳ ಮೇಲೆ, ಬಿಸಿಲಿನಲ್ಲಿ, ಬೆಳ್ಳನೆಯ ತಲೆ, ಇಟ್ಟಿಗೆ ಕೆಂಪಿನ ರೆಕ್ಕೆ. ಗರುಡ ನಿಧಾನವಾಗಿ ಒಂದು ಸುತ್ತು ಬಂತು. ಎರಡು ಸುತ್ತು ಬಂತು. ಮೀನಿನ ಕಡೆ ನೋಡಲೂ ಇಲ್ಲ. ಮೂರನೆಯ ಸುತ್ತು ಮುಗಿಸಿ ಖಾಡಿಯ ಕಡೆ ಹೋಗಿಬಿಟ್ಟಿತು.

"ಗರುಡ!" ತಾರಾನಾಥನ ಧ್ವನಿ ಒಡೆಯಿತು. "ಗರುಡ ಬಂತು! ನೋಡಿ! ಮೂರು ಸುತ್ತು!"

ಜನ ಮೇಲೆ ನೋಡಿದರು. ಕಾಗೆ ಇತ್ತು, ಹದ್ದು ಇತ್ತು.

ಮಾಪಣ್ಣ ಸೇಠರು ಎರಡು ಬೆರಳಿನಲ್ಲಿ ಮೀನಿನ ತಲೆಯನ್ನು ಎತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು, "ಯಾರು ನೋಡಿದ್ದು?" ಎಂದರು.

ಜಯಲತಾ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಆಗ ತಾರಾನಾಥನಿಗೆ ಗೇಟಿನ ಹತ್ತಿರ ಕಂಡವಳು ಚಂದ್ರಬಾಯಿ. ಖಾಲಿ ಬುಟ್ಟಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಹಣೆಗೆ ಕೈ ಅಡ್ಡ ಹಿಡಿದು, ಅವಳು ಇನ್ನೂ ಖಾಡಿಯ ಕಡೆಯ ಆಕಾಶವನ್ನೇ ನೋಡುತ್ತಿದ್ದಳು. ಅವಳು ನೋಡಿದ್ದಾಳೆ! ಅವನು ಕೂಗಲು ಹೊರಟವನು ತಡೆದುಕೊಂಡ. ಅವಳು ಬಾಯಿ ತೆರೆದರೆ ಗರುಡನ ಜೊತೆಗೆ ಬುಟ್ಟಿಯ ಸಂಗತಿಯೂ ಹೊರಬರುತ್ತದೆ. ಈ ಮೀನು ಎಲ್ಲಿಂದ ಬಂತು ಎಂದು ಇದುವರೆಗೆ ಯಾರಿಗೂ ಗೊತ್ತಿಲ್ಲ; ಸುಮ್ಮನಿದ್ದರೆ ಅಷ್ಟಾದರೂ ಮಾನ ಉಳಿಯುತ್ತದೆ. ಆದರೆ ಬಂದ ಗರುಡ ಬರಲಿಲ್ಲ ಎಂದಾಗುತ್ತದಲ್ಲ? ಅದು ಅವನಿಂದ ಆಗಲಿಲ್ಲ.

"ಆ ಬಾಯಿಯನ್ನು ಕೇಳಿ" ಎಂದ.

ಚಂದ್ರಬಾಯಿ ಗುಂಪಿನ ನಡುವೆ ಬಂದಳು. ದಾರಿ ತಾನಾಗಿ ಬಿಟ್ಟಿತು.

"ಬಂತು" ಎಂದಳು. "ಬಿಳಿ ತಲೆದು. ಮೂರು ಸಲ ಸುತ್ತು ಹಾಕಿತು. ಅದು ದಿನಾ ಈ ಟೈಮಿಗೆ ಇಲ್ಲಿ ಬರ್ತದೆ, ಮೂವತ್ತು ವರ್ಷದಿಂದ ಮೀನು ಮಾರಲಿಕ್ಕೆ ಹೊರಟಾಗ ನಾನು ಅದನ್ನು ನೋಡ್ತದೆ. ನೀವು ಯಾರೂ ಮೇಲೆ ನೋಡುದಿಲ್ಲ. ಇವನಿಗೆ ನಾನು ಒಂದು ಮುಷ್ಟಿ ಹಾಕು ಅಂತ ಹೇಳಿದೆ. ಇವನು ಎರಡು ಬುಟ್ಟಿ ಹಾಕಿತು!"

"ಎರಡು ಬುಟ್ಟಿ ಎಂತ?" ಎಂದರು ಸೇಠರು.

"ಮೀನು. ಟಾಕಿ ಮೇಲೆ."

ಸಿಡಿಲು ಬಡಿದರೂ ಅಷ್ಟು ಆಗುತ್ತಿರಲಿಲ್ಲ. "ಅಯ್ಯಯ್ಯೋ!" ಎಂಬ ಒಂದೇ ಕೂಗು ಎದ್ದಿತು. ವಿಮಲಾ ರಾಮ ರಾಮ ಎಂದು ಕಿವಿ ಮುಚ್ಚಿಕೊಂಡರು. ಯಾರೋ ಸ್ವಾಗತ ಸಮಿತಿಯವರು ಗುಲಾಬ್ದಾನಿಯಿಂದ ತಾರಾನಾಥನ ಮೇಲೆ ಪನ್ನೀರು ಚಿಮುಕಿಸಿ ಶುದ್ಧ ಮಾಡಲು ನೋಡಿದರು. ರಂಜನ್ ಮುಂದೆ ನುಗ್ಗಿದ.

"ದೇವರ ಕಲಶಕ್ಕೆ ಮೀನು! ಹನ್ನೆರಡು ದಿನ ನಾವು ವ್ರತ ಮಾಡಿದ್ದು ಇದಕ್ಕಾ? ಗರುಡ ಎಲ್ಲಿಂದ ಬರ್ಬೇಕು? ಈ ಮೀನು ಮಾರುವವಳ ಮಾತು ನಂಬುದಾ ಸೇಠ್? ಪೂರಾ ಸುಳ್ಳು!"

ಮೂವತ್ತು ವರ್ಷ ಮೆಟ್ಟಿಲು ಹತ್ತಿದವಳನ್ನು ಸುಳ್ಳಿ ಎನ್ನಬಾರದಿತ್ತು. ಚಂದ್ರಬಾಯಿ ಬುಟ್ಟಿಗಳನ್ನು ಕೆಳಗಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ನಾನು ಸುಳ್ಳಾ? ಮಂಗಳವಾರ ನಿನ್ನ ಮನೆಗೆ ಎರಡು ಪಾಪ್ಲೆಟ್ ಕೊಟ್ಟದ್ದು ಸುಳ್ಳಾ? ಬುಟ್ಟಿ ಮೇಲೆ ಹೂವು ಮುಚ್ಚಿಕೊಂಡು ಬಾ, ಪೂಜೆಗೆ ತಂದದ್ದು ಅಂತ ಹೇಳು ಅಂದದ್ದು ಸುಳ್ಳಾ?"

ರಂಜನನ ಮುಖ ಬಿಳಿಚಿತು. ಅವನ ಹೆಂಡತಿ ಗುಂಪಿನಲ್ಲಿ ಎಲ್ಲೋ ಮಾಯವಾದಳು.

"ಗುರುವಾರ ಈ ವಿಮಲಾಗೆ ಸುರ್ಮಾಯಿ ಕೊಟ್ಟದ್ದು ಸುಳ್ಳಾ?"

"ಅಯ್ಯೋ, ಅದು ಬೆಕ್ಕಿಗೆ!" ಎಂದರು ವಿಮಲಾ.

"ನಿನ್ನ ಬೆಕ್ಕು ಹೋದ ಗಣಪತಿಗೆ ಸತ್ತುಹೋಯ್ತು!" ಚಂದ್ರಬಾಯಿ ಬೆರಳು ಎತ್ತಿ ನಿಧಾನವಾಗಿ ಸಭೆಯ ಮೇಲೆ ಆಡಿಸತೊಡಗಿದಳು. ಬೆರಳು ಹೋದಲ್ಲೆಲ್ಲ ಜನ ಬಗ್ಗಿ ಚಪ್ಪಲಿ ಹುಡುಕಿದರು. ಬೆರಳು ಸುತ್ತಿ ಬಂದು ಕೇಸರಿ ಶಾಲಿನ ಎದುರು ನಿಂತಿತು. "ಇನ್ನು ಈ ಸೇಠ್ ಶುಕ್ರವಾರ..."

"ಬಂತು!" ಮಾಪಣ್ಣ ಸೇಠರು ಗುಡುಗಿದರು. ಗಂಟಲು ಸರಿಮಾಡಿಕೊಳ್ಳಲೂ ಅವರಿಗೆ ಪುರುಸೊತ್ತಾಗಲಿಲ್ಲ. "ಗರುಡ ಬಂತು! ನಾನು ಕಣ್ಣಾರೆ ನೋಡಿದೆ!"

"ಹೌದು ಹೌದು, ನಾನೂ ನೋಡಿದೆ!" ಎಂದ ರಂಜನ್.

"ಬಿಳಿ ತಲೆ! ಬಿಳಿ ತಲೆ!" ಎಂದರು ವಿಮಲಾ.

ಆರುನೂರು ಜನರೂ ನೋಡಿದ್ದರು. ತಂತ್ರಿಗಳು ಒದ್ದೆ ಮಡಿಯಲ್ಲಿ ಹೊರಗೆ ಬಂದು, "ಏನು ಗಲಾಟೆ? ಗರುಡ ಕಂಡಿತಾ?" ಎಂದು ಕೇಳಿದಾಗ "ಕಂಡಿತು!" ಎಂದು ಎದ್ದ ಕೂಗಿಗೆ ಟಾಕಿಯ ಮೇಲಿನ ಕಾಗೆಗಳೆಲ್ಲ ಹಾರಿಹೋದವು. ಅಂಗಳದಲ್ಲಿ ಬಿದ್ದಿದ್ದ ಮೀನು ನೋಡಿ ತಂತ್ರಿಗಳು ಹುಬ್ಬು ಗಂಟಿಕ್ಕಿ, ಪುಣ್ಯಾಹ ಮಾಡಿ ಎಲ್ಲರ ತಲೆಯ ಮೇಲೂ ತೀರ್ಥ ಪ್ರೋಕ್ಷಿಸಿದರು. ಅಂದು ತೀರ್ಥಕ್ಕೆ ಜನ ತಾವಾಗಿ ತಲೆ ಬಗ್ಗಿಸಿದ ಹಾಗೆ ಹಿಂದೆಂದೂ ಬಗ್ಗಿಸಿರಲಿಲ್ಲ.

ಚಂದ್ರಬಾಯಿಗೆ ಮೊದಲ ಪಂಕ್ತಿಯಲ್ಲಿ ಮೊದಲ ಎಲೆ ಬಿತ್ತು. ಮಾಪಣ್ಣ ಸೇಠರು ಸ್ವತಃ ಪಾಯಸ ಬಡಿಸಿದರು. ಅವಳ ಬಾಯಿ ಖಾಲಿಯಾದಂತೆ ಕಂಡಾಗಲೆಲ್ಲ ಓಡಿ ಬಂದು ಮತ್ತೆ ಬಡಿಸಿದರು. ತಾರಾನಾಥನನ್ನು ಯಾರೂ ಬೈಯಲಿಲ್ಲ. ಸಂಜೆಯ ಭಜನೆಗೆ ತಾಳ ಅವನದೇ ಎಂದು ಸೇಠರು ದೂರದಿಂದಲೇ ಸನ್ನೆ ಮಾಡಿದರು. ಹನ್ನೆರಡು ದಿನ ಒಂದು ತುಂಡು ಮೀನು ತಿನ್ನದ ಮನುಷ್ಯ ಆ ಅಂಗಳದಲ್ಲಿ ತಾನೊಬ್ಬನೇ ಇರಬಹುದೇ ಎಂಬ ಯೋಚನೆ ಬಂದು, ಅವನು ಅನ್ನ ಕಲಸುವುದನ್ನು ಬಿಟ್ಟು ಸುತ್ತ ನೋಡಿದ.

ಪಂಕ್ತಿಯಲ್ಲಿ ಗರುಡನದೇ ಮಾತು. ಸಾರಿನ ಹೊತ್ತಿಗೆ ಅದು ಐದು ಸುತ್ತು ಹಾಕಿತ್ತು. ಪಲ್ಯ ಎರಡನೆಯ ಸಲ ಬರುವಾಗ ಗರುಡಗಳು ಎರಡಾಗಿದ್ದವು. ಮಜ್ಜಿಗೆಯ ಹೊತ್ತಿಗೆ ಮೂರಾಗಿ, ಅದರಲ್ಲಿ ಒಂದು ಗೋಪುರದ ಮೇಲೆ ಕೂತು ತಲೆ ಬಾಗಿಸಿತ್ತು.

ವಸಂತಿ ಕಲ್ಯಾಣದಿಂದ ಹೊರಟ ಲೋಕಲ್ ಸಿಗ್ನಲಿನಲ್ಲಿ ನಿಂತು, ಅವರು ಮಂದಿರ ಮುಟ್ಟುವಾಗ ಹನ್ನೊಂದೂವರೆ. ಬಂದವರು ನೇರ ಎಲೆಯ ಮುಂದೆ ಕೂತಿದ್ದರು. ಈಗ ಕೈ ತೊಳೆದು ತಂಗಿಯ ಹತ್ತಿರ ಬಂದು, ಎದೆಯ ಮೇಲೆ ಕೈ ಇಟ್ಟುಕೊಂಡರು.

"ಎಂತಾ ಭಾಗ್ಯ ಜಯಾ! ಮೂರು ಗರುಡ! ಸಾಲಾಗಿ ಬಂದದ್ದಂತಲ್ಲ, ದೊಡ್ಡದು ಮುಂದೆ, ಸಣ್ಣವು ಎರಡು ಹಿಂದೆ! ನನಗೆ ಈಗಲೂ ಮೈ ಜುಮ್ ಅನ್ನುತ್ತದೆ."

"ಒಂದೇ ಇದ್ದದ್ದು ಅಕ್ಕ" ಎಂದ ತಾರಾನಾಥ ಮೆಲ್ಲನೆ. "ನಾನು ನೋಡಿದ್ದೇನೆ. ಒಂದೇ."

ವಸಂತಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಎದೆಯ ಮೇಲಿನ ಬ್ಯಾಡ್ಜು ಓದಿದರು. ಆಮೇಲೆ ತಂಗಿಯ ಕಡೆ ತಿರುಗಿ, ಸಂತಾಪ ಸೂಚಿಸುವ ಧ್ವನಿಯಲ್ಲಿ ಹೇಳಿದರು.

"ಪಾಪ, ಅಷ್ಟು ಜನರಲ್ಲಿ ಇವರೊಬ್ಬರಿಗೆ ಸರಿಯಾಗಿ ಕಾಣಲಿಲ್ಲ ನೋಡು."